ಹೆಸರಿಲ್ಲದ ಪಟಗಳು: ಶಿಕಾಗೊ, ಡೆಟ್ರಾಯಿಟ್ ಮತ್ತು ನಮ್ಮ ಮನೆಯ ಕಪ್ಪು-ಬಿಳುಪು ಸಂಗ್ರಹ

ನಮ್ಮ ತಂದೆಯವರು ತೀರಿಕೊಂಡ ಮೇಲೆ ಮೈಸೂರಿನ ಮನೆ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕು ನನ್ನ ಪಾಲಿಗೆ ಬಂತು. ಅದರಲ್ಲಿ ಪಂಚೆ, ಶಾಲುಗಳ ಕೆಳಗೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಡಬ್ಬಿಯ ತುಂಬ ಕಪ್ಪು-ಬಿಳುಪು ಫೋಟೊಗಳು. ಶಿಕಾಗೊದ ಹೊರವಲಯದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಆ ಡಬ್ಬಿ ಹನ್ನೊಂದು ವರ್ಷ ಹಾಗೇ ಕೂತಿತ್ತು. ನಿವೃತ್ತನಾದ ಮೊದಲ ಚಳಿಗಾಲದಲ್ಲಿ ಅದನ್ನು ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದೆ. ಎಣಿಸಿದರೆ 143 ಪಟಗಳು. ಮಗಳು ಒಂದೊಂದನ್ನೇ ಎತ್ತಿ "ಇವರು ಯಾರಪ್ಪ?" ಎಂದು ಕೇಳುತ್ತ ಹೋದಳು. 61 ಪಟಗಳಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವುಗಳಲ್ಲಿ ಒಂದನ್ನು ಅವಳು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಬಣ್ಣ ಬಳಿದ ಸ್ಟುಡಿಯೊ ಪರದೆಯ ಮುಂದೆ ಪೇಟ, ಕೋಟು ತೊಟ್ಟು ಕೈಯಲ್ಲಿ ಕೊಡೆ ಹಿಡಿದ ಒಬ್ಬ ಹಿರಿಯರು. ಪಕ್ಕದಲ್ಲಿ ಹುಡುಗನಾಗಿದ್ದ ನಮ್ಮ ತಂದೆ. ನಮ್ಮ ತಾತ ಅಲ್ಲ, ಅಷ್ಟು ಗೊತ್ತು. "ಎಷ್ಟು ಚೆನ್ನಾಗಿದೆ, ಕಟ್ಟು ಹಾಕಿಸೋಣ" ಎಂದಳು. ಯಾರೆಂದು ಗೊತ್ತಿಲ್ಲದವರನ್ನು ಗೋಡೆಗೆ ಹೇಗೆ ಹಾಕುವುದು ಎಂದು ನಾನು ಸುಮ್ಮನಾದೆ.

ನಾನು ವೈದ್ಯಕೀಯ ಓದುವಾಗ ಮೇಷ್ಟ್ರೊಬ್ಬರು ಎಕ್ಸ್‌ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ "ಮೊದಲು ಏನು ನೋಡ್ತೀರಿ?" ಎಂದು ಕೇಳುತ್ತಿದ್ದರು. ನಾವು ಹೃದಯ, ಶ್ವಾಸಕೋಶ ಎನ್ನುತ್ತಿದ್ದೆವು. ಅವರು ತಲೆಯಾಡಿಸಿ, "ಹೆಸರು, ವಯಸ್ಸು, ತಾರೀಖು, ಎಡ-ಬಲದ ಗುರುತು. ಅದಿಲ್ಲದಿದ್ದರೆ ಫಿಲ್ಮ್ ಎಷ್ಟೇ ಸೊಗಸಾಗಿರಲಿ, ಓದಬೇಡಿ" ಎನ್ನುತ್ತಿದ್ದರು. ಎಕ್ಸ್‌ರೇ ಫಿಲ್ಮೂ ನಮ್ಮ ಹಳೆಯ ಫೋಟೊವೂ ಒಂದೇ ಜಾತಿಯವು. ಎರಡರಲ್ಲೂ ಜೆಲಟಿನ್ ಪದರದೊಳಗೆ ಬೆಳ್ಳಿಯ ಲವಣ ಇರುತ್ತದೆ. ಕಿರಣ ತಾಕಿದ ಕಡೆ ಅದು ಡೆವಲಪರಿನಲ್ಲಿ ಕಪ್ಪು ಬೆಳ್ಳಿಯಾಗಿ ನಿಲ್ಲುತ್ತದೆ. ಉಳಿದದ್ದನ್ನು ಹೈಪೊ ಕರಗಿಸಿ ತೆಗೆಯುತ್ತದೆ. ಬೆಳ್ಳಿಯ ಚಿತ್ರ ನೂರು ವರ್ಷ ಬಾಳಬಹುದು. ಅದರಲ್ಲಿರುವವರ ಹೆಸರು ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆ ಹಿಡಿದುಕೊಂಡು ನಾನು ನಮ್ಮ ಎರಡು ನಗರಗಳ ಸಂಗ್ರಹಗಳ ಇತಿಹಾಸ ಓದತೊಡಗಿದೆ. ಅದರ ಸಾರ ಈ ಲೇಖನ.

ಓಕೀಫ್ ಕೊಟ್ಟ ಸಂಗ್ರಹ

ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ 1900ರಷ್ಟು ಹಿಂದೆಯೇ ಛಾಯಾಚಿತ್ರಗಳ ಸಲೂನ್ ಪ್ರದರ್ಶನಕ್ಕೆ ಜಾಗ ಕೊಟ್ಟಿತ್ತು. ಆದರೆ ಪ್ರದರ್ಶಿಸುವುದು ಬೇರೆ, ಕೂಡಿಡುವುದು ಬೇರೆ. ಯಂತ್ರ ತೆಗೆದ ಚಿತ್ರ ಕಲೆಯೇ ಎಂಬ ಅನುಮಾನ ದೊಡ್ಡ ಸಂಗ್ರಹಾಲಯಗಳಿಗೆ ಬಹಳ ಕಾಲ ಇತ್ತು. ಆ ಅನುಮಾನದ ವಿರುದ್ಧ ಜೀವನವಿಡೀ ಹೋರಾಡಿದವರು ಆಲ್‌ಫ್ರೆಡ್ ಸ್ಟೀಗ್ಲಿಟ್ಜ್. ಅವರು 1946ರಲ್ಲಿ ತೀರಿಕೊಂಡರು. ಅವರ ಪತ್ನಿ, ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್, ಅವರ ಸಂಗ್ರಹವನ್ನು ವಿಂಗಡಿಸಿ ಹಲವು ಸಂಸ್ಥೆಗಳಿಗೆ ಹಂಚಿದರು. ತಾವು ಹರೆಯದಲ್ಲಿ ಓದಿದ್ದ ಶಿಕಾಗೊದ ಈ ಸಂಸ್ಥೆಗೆ 1949ರಲ್ಲಿ ಇನ್ನೂರಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಕೊಟ್ಟರು. ಅಲ್ಲಿನ ಛಾಯಾಚಿತ್ರ ಸಂಗ್ರಹ ಶುರುವಾದದ್ದೇ ಆ ಕೊಡುಗೆಯಿಂದ. ಇಲ್ಲಿ ಗಮನಿಸಬೇಕಾದ್ದು ಒಂದು: ಯಾವ ಚಿತ್ರ ಯಾರದು, ಯಾವುದು ಎಲ್ಲಿಗೆ ಹೋಗಬೇಕು ಎಂಬುದನ್ನು ಬಲ್ಲ ಮನೆಯವರೇ ಕೂತು ವಿಂಗಡಿಸಿದರು. 

1959ರಲ್ಲಿ ಆ ವಿಭಾಗದ ಹೊಣೆ ಹೊತ್ತ ಹ್ಯೂ ಎಡ್ವರ್ಡ್ಸ್, 1961ರಲ್ಲಿ ರಾಬರ್ಟ್ ಫ್ರ್ಯಾಂಕ್ ಎಂಬ ಸ್ವಿಸ್ ಮೂಲದ ಛಾಯಾಗ್ರಾಹಕರ ಚಿತ್ರಗಳನ್ನು ಪ್ರದರ್ಶಿಸಿದರು. ಫ್ರ್ಯಾಂಕ್ ಅಮೆರಿಕವನ್ನು ಸುತ್ತಿ ತೆಗೆದ 83 ಚಿತ್ರಗಳ ಪುಸ್ತಕ ಆಗಷ್ಟೇ ಬಂದು ಬೈಗುಳ ತಿನ್ನುತ್ತಿದ್ದ ಕಾಲ ಅದು. ಫ್ರ್ಯಾಂಕ್ 1955ರಲ್ಲಿ ಡೆಟ್ರಾಯಿಟ್‌ಗೂ ಬಂದಿದ್ದರು. ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಯೊಳಗೆ ದುಡಿಯುವವರನ್ನು ಕ್ಯಾಮೆರಾದಲ್ಲಿ ಹಿಡಿದಿದ್ದರು. 2010ರಲ್ಲಿ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಆ ಚಿತ್ರಗಳನ್ನು ಪ್ರದರ್ಶಿಸಿತು. 55 ವರ್ಷಗಳ ನಂತರ ಮುಖಗಳು ತಮ್ಮ ಊರಿಗೆ ಮರಳಿದವು. ಆದರೆ ಫ್ರ್ಯಾಂಕ್ ಕೊಟ್ಟ ಶೀರ್ಷಿಕೆಗಳಲ್ಲಿ ಇರುವುದು ಜಾಗದ ಹೆಸರು ಮಾತ್ರ. ಯಂತ್ರದ ಮುಂದೆ ನಿಂತವನ ಹೆಸರಿಲ್ಲ.

ಎರಡು ಲಕ್ಷ ನೆಗೆಟಿವ್

ಡೆಟ್ರಾಯಿಟ್ ಮತ್ತು ಶಿಕಾಗೊವನ್ನು ಒಂದೇ ಬದುಕಿನಲ್ಲಿ ಜೋಡಿಸಿದವರು ಹ್ಯಾರಿ ಕ್ಯಾಲಹನ್. 1912ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿ, ಕ್ರೈಸ್ಲರ್ ಕಂಪನಿಯಲ್ಲಿ ಗುಮಾಸ್ತರಾಗಿದ್ದವರು. 1938ರಲ್ಲಿ ಕ್ಯಾಮೆರಾ ಕೊಂಡು ಕಂಪನಿಯ ಕ್ಯಾಮೆರಾ ಕ್ಲಬ್ಬಿಗೆ ಸೇರಿದರು. 1941ರಲ್ಲಿ ಆನ್ಸೆಲ್ ಆಡಮ್ಸ್ ಡೆಟ್ರಾಯಿಟ್‌ಗೆ ಬಂದು ಕೊಟ್ಟ ಉಪನ್ಯಾಸ ಅವರ ದಾರಿ ಬದಲಿಸಿತು. ಯಾವ ಶಾಲೆಯಲ್ಲೂ ಛಾಯಾಗ್ರಹಣ ಕಲಿಯದ ಅವರು 1946ರಲ್ಲಿ ಶಿಕಾಗೊದ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಮೇಷ್ಟ್ರಾದರು. 1937ರಲ್ಲಿ ಮೊಹೊಲಿ-ನಾಜ್ 'ನ್ಯೂ ಬೌಹೌಸ್' ಎಂಬ ಹೆಸರಿನಲ್ಲಿ ಆರಂಭಿಸಿದ ಶಾಲೆ ಅದು. ಕ್ಯಾಲಹನ್ ಬೆಳಿಗ್ಗೆ ಬೀದಿ ಸುತ್ತಿ ಚಿತ್ರ ತೆಗೆದು, ಮಧ್ಯಾಹ್ನ ಕತ್ತಲಕೋಣೆಯಲ್ಲಿ ಕೂರುತ್ತಿದ್ದರು. ಸುಮಾರು ಒಂದು ಲಕ್ಷ ನೆಗೆಟಿವ್ ಬಿಟ್ಟುಹೋದ ಅವರು, ವರ್ಷಕ್ಕೆ ಐದಾರು ಚಿತ್ರ ಮಾತ್ರ ತಮಗೆ ಒಪ್ಪಿಗೆಯಾಗುತ್ತವೆ ಎನ್ನುತ್ತಿದ್ದರು. ಯಾವುದು ಉಳಿಯಬೇಕೆಂದು ಅವರೇ ತೀರ್ಮಾನಿಸಿದರು. ಅವರ ಸಂಗ್ರಹ ಇಂದು ಅರಿಜೋನಾದ ಟೂಸಾನಿನಲ್ಲಿ ವ್ಯವಸ್ಥಿತವಾಗಿದೆ.

ಅದೇ ಶಿಕಾಗೊದಲ್ಲಿ ಅಷ್ಟೇ ನೆಗೆಟಿವ್ ಬಿಟ್ಟುಹೋದ ಇನ್ನೊಬ್ಬರ ಕತೆ ಬೇರೆ. ವಿವಿಯನ್ ಮೇಯರ್ 1926ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 1956ರಲ್ಲಿ ಶಿಕಾಗೊ ಉತ್ತರದ ಶ್ರೀಮಂತ ಬಡಾವಣೆಗಳಿಗೆ ಬಂದು ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಬದುಕು ಸವೆಸಿದವರು. ರಜೆಯ ದಿನ, ಮಕ್ಕಳನ್ನು ತಿರುಗಾಡಿಸುವಾಗ, ಕುತ್ತಿಗೆಯಲ್ಲಿ ರೋಲಿಫ್ಲೆಕ್ಸ್. ತೆಗೆದದ್ದನ್ನು ಬಹುತೇಕ ಯಾರಿಗೂ ತೋರಿಸಲಿಲ್ಲ. ನೂರಾರು ರೋಲುಗಳನ್ನು ತೊಳೆಸಲೂ ಇಲ್ಲ. ಬಾಡಿಗೆ ಉಗ್ರಾಣದ ಹಣ ಕಟ್ಟಲಾಗದೆ 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಾದವು. ಪೋರ್ಟೇಜ್ ಪಾರ್ಕ್ ಬಡಾವಣೆಯ ಇತಿಹಾಸಕ್ಕೆ ಹಳೆಯ ಚಿತ್ರ ಹುಡುಕುತ್ತಿದ್ದ ಜಾನ್ ಮಲೂಫ್ ಎಂಬ ತರುಣ ಸುಮಾರು 400 ಡಾಲರಿಗೆ ಸಾವಿರಾರು ನೆಗೆಟಿವ್ ಇದ್ದ ಪೆಟ್ಟಿಗೆ ಕೊಂಡ. ತೆಗೆದವರು ಯಾರೆಂದು ಅವನಿಗೆ ಗೊತ್ತಿಲ್ಲ. ಫೋಟೊ ತೊಳೆಯುವ ಅಂಗಡಿಯ ಕವರೊಂದರ ಮೇಲೆ ಹೆಸರು ಸಿಕ್ಕಿತು. 2009ರ ಏಪ್ರಿಲಿನಲ್ಲಿ ಆ ಹೆಸರು ಹಿಡಿದು ಹುಡುಕಿದಾಗ ಸಿಕ್ಕಿದ್ದು ನಿಧನವಾರ್ತೆ. ಮೇಯರ್ ಕೆಲವೇ ದಿನಗಳ ಹಿಂದೆ ತೀರಿಕೊಂಡಿದ್ದರು. 2011ರ ಜನವರಿಯಲ್ಲಿ ಶಿಕಾಗೊ ಕಲ್ಚರಲ್ ಸೆಂಟರಿನಲ್ಲಿ ಅವರ ಚಿತ್ರಗಳ ಪ್ರದರ್ಶನವಾಯಿತು, ಜಗತ್ತಿಗೆ ಹೆಸರು ತಿಳಿಯಿತು.

ಅಂಗಡಿಯ ಆ ಒಂದು ಕವರು ಇಲ್ಲದಿದ್ದರೆ? ಚಿತ್ರಗಳು ಚೆನ್ನಾಗಿಯೇ ಇರುತ್ತಿದ್ದವು, ಮೇಯರ್ ಇರುತ್ತಿರಲಿಲ್ಲ. ಇನ್ನೊಂದು ಸಂಗತಿಯೂ ಉಂಟು. ನೆಗೆಟಿವ್ ಕೊಂಡವರಿಗೆ ಅದರ ಹಕ್ಕುಸ್ವಾಮ್ಯ ಬರುವುದಿಲ್ಲ. ಮೇಯರ್ ಉಯಿಲು ಬರೆದಿರಲಿಲ್ಲವಾದ್ದರಿಂದ ಆ ಹಕ್ಕಿನ ವಿಷಯ ಕುಕ್ ಕೌಂಟಿಯ ನ್ಯಾಯಾಲಯದವರೆಗೂ ಹೋಯಿತು.

ಹಳೇಬೀಡಿನಲ್ಲಿ ಇಬ್ಬರು ಡಾಕ್ಟರು

ಇನ್ನು ನಮ್ಮ ನಾಡಿನ ಕಡೆ ತಿರುಗೋಣ. ಕನ್ನಡ ನಾಡಿನ ದೇಗುಲಗಳನ್ನು ಮೊದಮೊದಲು ಕ್ಯಾಮೆರಾದಲ್ಲಿ ಹಿಡಿದವರಲ್ಲಿ ಇಬ್ಬರು ವೈದ್ಯರು ಎಂದು ತಿಳಿದಾಗ ನನಗೆ ಸ್ವಂತ ಬಂಧುಗಳು ಸಿಕ್ಕಷ್ಟು ಖುಷಿಯಾಯಿತು. ಮದರಾಸು ಸೇನೆಯ ಸರ್ಜನ್ ನೀಲ್, 1850ರ ದಶಕದಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದರು. ಮುಂಬಯಿ ಸರ್ಕಾರ 1855ರಲ್ಲಿ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆಯಲು ನೇಮಿಸಿತು. ಸೇನೆ ಅವರನ್ನು ವಾಪಸು ಕರೆಸಿಕೊಂಡಾಗ ಆ ಕೆಲಸ ಡಾ. ಪಿಗೌ ಅವರಿಗೆ ಬಂತು. ಮೂವರ ಚಿತ್ರಗಳೂ ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬೃಹತ್ ಗ್ರಂಥವಾಗಿ ಲಂಡನ್ನಿನಲ್ಲಿ ಅಚ್ಚಾದವು. ಪ್ರತಿ ಚಿತ್ರಕ್ಕೂ ಊರು, ಗುಡಿ, ಗೋಡೆಯ ವಿವರ ಇದ್ದದ್ದರಿಂದಲೇ ಇಂದಿಗೂ ಅವು ಪುರಾತತ್ವಜ್ಞರಿಗೆ ಸಾಕ್ಷಿ.

ಹಂಪಿಯ ಕತೆ ಇನ್ನೂ ಸ್ವಾರಸ್ಯದ್ದು. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದರು. ಅವು ಇಂಗ್ಲೆಂಡಿನ ಖಾಸಗಿ ಮನೆಯಿಂದ ಹೊರಬಂದದ್ದು 1980ರಲ್ಲಿ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ 127 ವರ್ಷಗಳಲ್ಲಿ ಯಾವ ಕಂಬ ಬಿತ್ತು, ಯಾವ ಗೋಪುರದ ಗಾರೆ ಉದುರಿತು ಎಂದು ಎಕ್ಸ್‌ರೇ ಹೋಲಿಸಿದ ಹಾಗೆ ಕಾಣುತ್ತದೆ.

ಇವನ್ನೆಲ್ಲ ನೋಡಲು ನಾವು ದೂರ ಹೋಗಬೇಕಾಗಿಲ್ಲ ಎನ್ನುವುದು ನಮ್ಮ ಊರಿನ ಭಾಗ್ಯ. ಎ. ಕೆ. ರಾಮಾನುಜನ್ ಪಾಠ ಮಾಡಿದ ಶಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ, ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆ ಕೂಡಿಸಿದ ಭಾರತೀಯ ದೇಗುಲಗಳ ಛಾಯಾಚಿತ್ರ ಭಂಡಾರವಿದೆ. ಕರ್ನಾಟಕದ ಗುಡಿಗಳನ್ನು ಊರಿನ ಹೆಸರು ಹಿಡಿದು ಮನೆಯಿಂದಲೇ ಹುಡುಕಬಹುದು. ಹುಡುಕಿದರೆ ಸಿಗುವುದು ಏಕೆಂದರೆ ಯಾರೋ ಕೂತು ಪ್ರತಿ ಚಿತ್ರಕ್ಕೂ ಚೀಟಿ ಬರೆದಿದ್ದಾರೆ.

ಗುಡಿಗಳಾದವು; ಜನರ ಗತಿ? ಮೈಸೂರಿನ ಟಿ. ಎಸ್. ಸತ್ಯನ್ ಅವರನ್ನು ನೆನೆಯದೆ ಈ ವಿಷಯ ಮುಗಿಯದು. 1923ರಲ್ಲಿ ಹುಟ್ಟಿ, ಮೇಯರ್ ತೀರಿಕೊಂಡ 2009ರಲ್ಲೇ ತೀರಿಕೊಂಡವರು. ಸಾಮಾನ್ಯ ಜನರ, ಅದರಲ್ಲೂ ಮಕ್ಕಳ, ದಿನನಿತ್ಯದ ಬದುಕೇ ಅವರ ವಸ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಚಿತ್ರಗಳ ಪ್ರದರ್ಶನವನ್ನು ನ್ಯೂಯಾರ್ಕಿನಲ್ಲಿ ಏರ್ಪಡಿಸಿತ್ತು. ಅವರು ಪತ್ರಕರ್ತರೂ ಆಗಿದ್ದರಿಂದ ಚಿತ್ರದ ಹಿಂದಿನ ಮನುಷ್ಯರ ಕತೆಯನ್ನು ಬರೆದೂ ಇಟ್ಟರು. 2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯ ಸಂಗ್ರಹದಲ್ಲಿ ಅವರ ಚಿತ್ರಗಳಿವೆ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ನಮ್ಮ ಬೇಸ್‌ಮೆಂಟುಗಳ ಸಂಗ್ರಹ

ವಿದ್ಯಾರಣ್ಯ ಕನ್ನಡ ಕೂಟ, ಪಂಪ ಕನ್ನಡ ಕೂಟಗಳ ಹಿರಿಯ ಸದಸ್ಯರ ಮನೆಗಳಲ್ಲಿ ನನ್ನದರಂಥ ಡಬ್ಬಿಗಳು ಎಷ್ಟಿರಬಹುದು! ರಾಜ್ಯೋತ್ಸವದ ದಿನ ನಾಲ್ಕು ಮೇಜು ಹಾಕಿ ಮನೆಮನೆಯ ಚಿತ್ರಗಳನ್ನು ಇಟ್ಟರೆ ಅದೇ ಒಂದು ಪ್ರದರ್ಶನ. ಗುರುತು ಹಿಡಿಯಬಲ್ಲ ಕಣ್ಣುಗಳು ಅಂದು ಒಂದೇ ಸೂರಿನಡಿ ಇರುತ್ತವೆ.

ಕೆಲವು ಎಚ್ಚರದ ಮಾತು. ಬೇಸ್‌ಮೆಂಟಿನ ತೇವ ಫೋಟೊಗೆ ಶತ್ರು. ಮನೆಯೊಳಗಿನ ಒಣ ಬೀರು ಮೇಲು. ಅಂಟುಹಾಳೆಯ ಆಲ್ಬಮ್ಮುಗಳಿಂದ ಚಿತ್ರಗಳನ್ನು ನಿಧಾನವಾಗಿ ಬಿಡಿಸಿ, ಆಮ್ಲರಹಿತ ಕಾಗದದ ಕವರಿಗೆ ಹಾಕಿ. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮು ಕೊಳೆಯುತ್ತಿದೆ ಎಂದರ್ಥ. ತಡಮಾಡದೆ ಸ್ಕ್ಯಾನ್ ಮಾಡಿಸಿ. ಎಂಬತ್ತರ ದಶಕದ ಬಣ್ಣದ ಫೋಟೊಗಳು ಕೆಂಪಾಗುತ್ತಿವೆ, ಅವನ್ನೂ ಸ್ಕ್ಯಾನ್ ಮಾಡಿಸಿ. ಪ್ರದರ್ಶನಕ್ಕೆ ನಕಲು ಇಡಿ, ಮೂಲವನ್ನು ಬೆಳಕಿಗೆ ಒಡ್ಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಪಟದ ಹಿಂದೆ ಮೆದು ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ: ಯಾರು, ಎಲ್ಲಿ, ಯಾವಾಗ, ಹೇಳಿದವರು ಯಾರು. ಬಾಲ್‌ಪೆನ್ ಬೇಡ, ಅಚ್ಚು ಮುಂದಕ್ಕೆ ಮೂಡುತ್ತದೆ.

ನನ್ನ 61 ಪಟಗಳ ಕತೆ ಹೇಳಿ ಮುಗಿಸುತ್ತೇನೆ. ಮೈಸೂರಿನಲ್ಲಿದ್ದ ಚಿಕ್ಕಮ್ಮನಿಗೆ ಆಗ 88 ವರ್ಷ. ಅವರ ಮೊಮ್ಮಗಳು ಫೋನು ಹಿಡಿದು ನಾನು ಕಳಿಸಿದ ಪಟಗಳನ್ನು ಒಂದೊಂದಾಗಿ ತೋರಿಸಿದಳು. ನಿನ್ನೆ ಮಾಡಿದ ಅಡುಗೆ ಮರೆಯುತ್ತಿದ್ದ ಚಿಕ್ಕಮ್ಮ ಅರವತ್ತು ವರ್ಷದ ಹಿಂದಿನ ಮುಖಗಳನ್ನು ಥಟ್ಟನೆ ಹೇಳಿದರು. ಮರೆವಿನ ರೋಗಿಗಳಲ್ಲಿ ಹಳೆಯ ನೆನಪು ಕಡೆಗೆ ಹೋಗುತ್ತದೆ ಎಂದು ನಾನು ಎಷ್ಟೋ ಮನೆಯವರಿಗೆ ವಿವರಿಸಿದ್ದೆ. ನನ್ನ ಮನೆಯಲ್ಲೇ ಬಳಸಿಕೊಳ್ಳಲು ಹನ್ನೊಂದು ವರ್ಷ ಬೇಕಾಯಿತು.

ಕೊಡೆ ಹಿಡಿದವರ ಪಟ ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಯ್ಯೋ, ಇವರು ನಿನಗೆ ಗೊತ್ತಿಲ್ಲವೇನೋ? ನಮ್ಮೂರಿನ ಪೋಸ್ಟ್ ಮಾಸ್ಟರು. ನಿಮ್ಮ ತಾತ ಹೋದ ವರ್ಷ ನಿಮ್ಮಪ್ಪನ ಓದು ನಿಂತೇಹೋಗಿತ್ತು. ಇವರೇ ಕರೆದುಕೊಂಡು ಹೋಗಿ ಹೈಸ್ಕೂಲಿಗೆ ಸೇರಿಸಿ ಫೀಸು ಕಟ್ಟಿದ್ದು. ಸೇರಿಸಿದ ದಿನವೇ ತೆಗೆಸಿದ ಪಟ ಇದು." ತಂದೆಯವರು ಇದನ್ನು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವರು ಕಟ್ಟಿದ ಫೀಸಿಲ್ಲದೆ ನಾನು ಡಾಕ್ಟರಾಗುವುದು, ಈ ದೇಶಕ್ಕೆ ಬರುವುದು ಎಲ್ಲಿತ್ತು? ಅವರ ಮನೆಯವರನ್ನು ಕೇಳದೆ ಹೆಸರನ್ನು ಇಲ್ಲಿ ಅಚ್ಚು ಹಾಕಿಸುವುದಿಲ್ಲ. ಪಟದ ಹಿಂದೆ ಬರೆದಿದ್ದೇನೆ. ಪಟ ಈಗ ನಮ್ಮ ಹಾಲಿನ ಗೋಡೆಯ ಮೇಲಿದೆ.

ಆ ದಿನ ಚಿಕ್ಕಮ್ಮ 38 ಪಟಗಳನ್ನು ಗುರುತಿಸಿ ದಣಿದರು. ಉಳಿದ 23ನ್ನು ಯುಗಾದಿ ಕಳೆದ ಮೇಲೆ ತೋರಿಸೋಣ ಎಂದುಕೊಂಡೆ. ಯುಗಾದಿಗೆ ಒಂಬತ್ತು ದಿನ ಮುಂಚೆ ಅವರು ಹೋಗಿಬಿಟ್ಟರು. ಆ 23 ಪಟಗಳು ಒಂದು ಕವರಿನಲ್ಲಿವೆ. ಮೇಲೆ "ಮೈಸೂರು, ಸ್ಟುಡಿಯೊ ಮುದ್ರೆ ಇದೆ, ಯಾರೆಂದು ತಿಳಿಯದು" ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಕೇಳುವುದಕ್ಕೆ ಯಾರಾದರೂ ಹಿರಿಯರು ಇದ್ದರೆ, ದಯವಿಟ್ಟು ಈ ಶನಿವಾರವೇ ಫೋನು ಮಾಡಿ.