ಕೊಟ್ಟದ್ದು ಮತ್ತು ಕಟ್ಟಿದ್ದು: ಕರ್ನಲ್ ಸೋರ್ಸ್ ಕೋಡ್ ಪಡೆದು ಕಂಪೈಲ್ ಮಾಡಿದವರ ಚರಿತ್ರೆ

1975ರ ಮೇ ತಿಂಗಳಲ್ಲಿ ಬೆಲ್ ಲ್ಯಾಬ್ಸ್‌ನಿಂದ ಹೊರಬಂದ ಯುನಿಕ್ಸ್‌ನ ಆರನೆಯ ಆವೃತ್ತಿಯಲ್ಲಿ ‘ಮೇಕ್’ ಎಂಬ ಕಮಾಂಡ್ ಇರಲಿಲ್ಲ. ವಿಶ್ವವಿದ್ಯಾಲಯಕ್ಕೆ ಟೇಪೊಂದೋ ಆರ್‌ಕೆ05 ಡಿಸ್ಕ್ ಪ್ಯಾಕೋ ಬರುತ್ತಿತ್ತು. ಅದರ ಜೊತೆಗೆ ಹೇಗೆ ಏಳಿಸಬೇಕೆಂದು ತಿಳಿಸುವ ಕೆಲವು ಹಾಳೆಗಳು. ಬಂದ ಕರ್ನಲ್ ಮೊದಲ ಸಲ ಎದ್ದು ನಿಲ್ಲಲು ಸಾಕಾಗುತ್ತಿತ್ತು. ಆದರೆ ತಮ್ಮಲ್ಲಿದ್ದ ಟೇಪ್ ಡ್ರೈವ್, ತಮ್ಮಲ್ಲಿದ್ದ ಟರ್ಮಿನಲ್ ಸಾಲುಗಳು ಅದಕ್ಕೆ ಗೊತ್ತಾಗಬೇಕಾದರೆ ಮತ್ತೊಮ್ಮೆ ಕಟ್ಟಲೇಬೇಕಿತ್ತು.

ಕಟ್ಟುವ ಕ್ರಮ ಹೀಗಿತ್ತು. ‘ಎಂಕೆಕಾನ್ಫ್’ ಎಂಬ ಪುಟ್ಟ ಪ್ರೋಗ್ರಾಮನ್ನು ಮೊದಲು ಕಂಪೈಲ್ ಮಾಡಿ ಓಡಿಸಬೇಕು. ಅದು ಏನನ್ನೂ ಕೇಳದೆ ಸುಮ್ಮನೆ ಕಾಯುತ್ತದೆ. ಒಂದೊಂದು ಸಾಲಿನಲ್ಲಿ ಒಂದೊಂದು ಸಾಧನದ ಹೆಸರು ಬರೆಯಬೇಕು: ಡಿಸ್ಕಿಗೆ ‘ಆರ್‌ಕೆ’, ಟೇಪಿಗೆ ‘ಟಿಎಂ’, ಮುಗಿದ ಮೇಲೆ ‘ಡನ್’. ಆಗ ಅದು ಎರಡು ಕಡತಗಳನ್ನು ಬರೆದುಕೊಡುತ್ತದೆ. ಒಂದರಲ್ಲಿ ಯಾವ ಇಂಟರಪ್ಟ್ ಬಂದರೆ ಎಲ್ಲಿಗೆ ಹೋಗಬೇಕೆಂಬ ವಿಳಾಸಗಳು. ಇನ್ನೊಂದು ಸಿ ಭಾಷೆಯ ಕಡತ, ಅದರಲ್ಲಿ ಸಾಧನಗಳ ಪಟ್ಟಿ. ಇವನ್ನು ಅಸೆಂಬ್ಲರಿಗೂ ಕಂಪೈಲರಿಗೂ ಕೊಟ್ಟು, ಬಂದದ್ದನ್ನು ಎರಡು ಲೈಬ್ರರಿಗಳ ಜೊತೆ ಲಿಂಕರ್ ಕೈಯಲ್ಲಿ ಹೊಲಿಸಬೇಕು. ಒಂದು ಲೈಬ್ರರಿ ‘ಕೆನ್’ ಎಂಬ ಡೈರೆಕ್ಟರಿಯಿಂದ, ಇನ್ನೊಂದು ‘ಡಿಎಂಆರ್’ ಎಂಬುದರಿಂದ. ಕೆನ್ ಥಾಮ್ಸನ್ ಮತ್ತು ಡೆನ್ನಿಸ್ ರಿಚಿ ಬರೆದದ್ದನ್ನು ಅವರವರ ಹೆಸರಿನ ಮನೆಯಲ್ಲೇ ಇಡಲಾಗಿತ್ತು.

ಆ ಸಿ ಕಡತದಲ್ಲಿ 4000 ಮತ್ತು 872 ಎಂಬ ಎರಡು ಅಂಕಿಗಳಿವೆ. ಆರ್‌ಕೆ05 ಡಿಸ್ಕಿನಲ್ಲಿ ತಲಾ 512 ಬೈಟಿನ 4,872 ಬ್ಲಾಕುಗಳು, ಅಂದರೆ ಸುಮಾರು ಎರಡೂವರೆ ಎಂಬಿ. ಮೊದಲ 4,000 ಬ್ಲಾಕು ಕಡತಗಳಿಗೆ, ಉಳಿದ 872 ಸ್ವಾಪಿಗೆ, ಅಂದರೆ ಮೆಮೊರಿ ಸಾಲದಾಗ ಪ್ರೋಗ್ರಾಂಗಳನ್ನು ಇಳಿಸಿಡುವ ಜಾಗಕ್ಕೆ. ಬೇರೆ ಅಳತೆಯ ಡಿಸ್ಕ್ ಇದ್ದವರು ಈ ಅಂಕಿಗಳನ್ನು ಕೈಯಾರೆ ತಿದ್ದಿಕೊಳ್ಳಬೇಕಿತ್ತು. ತಪ್ಪಿದರೆ ಸ್ವಾಪ್ ಹೋಗಿ ಕಡತಗಳ ಮೇಲೆ ಕೂರುತ್ತಿತ್ತು.

ಮುಕ್ತ ತಂತ್ರಾಂಶದ ಚರಿತ್ರೆ ಬರೆದವರು ಬಹುಪಾಲು ಕೊಡುವ ಕಥೆಯನ್ನೇ ಹೇಳಿದ್ದಾರೆ: ಯಾರು ಕೋಡ್ ಕೊಟ್ಟರು, ಯಾರು ಬಚ್ಚಿಟ್ಟರು, ಯಾವ ಪರವಾನಗಿ ಬಂತು. ಕಟ್ಟುವ ಕಥೆ ಅಡಿಟಿಪ್ಪಣಿಗೆ ಸರಿದಿದೆ. ಕೋಡ್ ಕೈಗೆ ಬರುವುದು ಮತ್ತು ಅದರಿಂದ ಯಂತ್ರ ಏಳುವುದು ಒಂದೇ ಹಕ್ಕಿನ ಎರಡು ಹೆಸರಲ್ಲ ಎಂಬುದು ಇಲ್ಲಿನ ವಾದ. ಅವುಗಳ ಬಾಗಿಲುಗಳು ಬೇರೆ, ಬಾಗಿಲು ಕಾಯುವವರೂ ಬೇರೆ. ಒಂದು ತೆರೆದಾಗ ಇನ್ನೊಂದು ಮುಚ್ಚಿದ್ದು ಹಲವು ಸಲ ನಡೆದಿದೆ.

ಬೆಲ್ ಲ್ಯಾಬ್ಸ್ ಕೋಡ್ ಕೊಟ್ಟದ್ದರಲ್ಲಿ ಔದಾರ್ಯಕ್ಕಿಂತ ಕಾನೂನಿನ ಪಾತ್ರ ಹೆಚ್ಚು. 1956ರಲ್ಲಿ ಅಮೆರಿಕ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಎಟಿ ಆ್ಯಂಡ್ ಟಿ ದೂರವಾಣಿಯಾಚೆಗಿನ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹೀಗಾಗಿ ಯುನಿಕ್ಸ್ ಪರವಾನಗಿಯ ಮೇಲೆ ಹೊರಗೆ ಹೋಯಿತು, ಯಾವ ನೆರವಿನ ಭರವಸೆಯೂ ಇಲ್ಲದೆ. ಕೆಟ್ಟರೆ ನೀವೇ ಸರಿಮಾಡಿಕೊಳ್ಳಿ ಎಂಬ ಈ ಷರತ್ತೇ ಪಡೆದವರನ್ನೆಲ್ಲ ಕಂಪೈಲರಿನ ಮುಂದೆ ಕೂರಿಸಿತು.

ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ಆರನೆಯ ಆವೃತ್ತಿಯ ಕರ್ನಲ್ಲನ್ನು, ಸುಮಾರು 9,000 ಸಾಲುಗಳನ್ನು, ಪಿಡಿಪಿ-11/40 ಯಂತ್ರಕ್ಕೆ ಹೊಂದುವಂತೆ ಅಚ್ಚು ಹಾಕಿಸಿ, ಜೊತೆಗೆ ಸಾಲುಸಾಲಿನ ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ನಮ್ಮಲ್ಲಿ ಸೂತ್ರಕ್ಕೆ ಭಾಷ್ಯ ಬರೆಯುವ ಹಳೆಯ ಪದ್ಧತಿ ಬಲ್ಲವರಿಗೆ ಆ ಎರಡು ಪುಸ್ತಕಗಳ ರೂಪ ಕೂಡಲೇ ಪರಿಚಿತ ಎನಿಸುತ್ತದೆ. 1979ರ ಏಳನೆಯ ಆವೃತ್ತಿಯ ಪರವಾನಗಿ ಕೋಡನ್ನು ತರಗತಿಯಲ್ಲಿ ಬಳಸುವುದನ್ನೇ ನಿಷೇಧಿಸಿತು. ಆಮೇಲೆ ಲಯನ್ಸರ ಪುಸ್ತಕ ಜೆರಾಕ್ಸಿನ ಜೆರಾಕ್ಸಾಗಿ ಕೈಯಿಂದ ಕೈಗೆ ದಾಟಿತು. ರಾಜಾರೋಷವಾಗಿ ಅಚ್ಚಾಗಲು 1996ರವರೆಗೆ ಕಾಯಬೇಕಾಯಿತು. ಜೆರಾಕ್ಸ್ ಪ್ರತಿ ಓದಿದ ಹಲವರ ಬಳಿ ಪಿಡಿಪಿ-11 ಇರಲಿಲ್ಲ, ಟೇಪೂ ಇರಲಿಲ್ಲ. ಒಂದು ತಲೆಮಾರು ಕರ್ನಲ್ಲನ್ನು ಓದಿ ಕಲಿತಿತು, ಕಟ್ಟಿ ಕಲಿಯಲಿಲ್ಲ. ಈ ವ್ಯತ್ಯಾಸಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ ಎಂದು ನನ್ನ ಅನಿಸಿಕೆ.

‘ಮೇಕ್’ ಹುಟ್ಟಿದ್ದು 1976ರಲ್ಲಿ, ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಕೈಯಲ್ಲಿ. ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದಿನ ಬೈದುಕೊಳ್ಳುತ್ತ ಅವರ ಕೋಣೆಗೆ ಬಂದರಂತೆ. ತಪ್ಪು ಆಗಲೇ ಸರಿಯಾಗಿತ್ತು. ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡುವುದು ಮರೆತುಹೋಗಿ, ಇಲ್ಲದ ತಪ್ಪನ್ನು ಹುಡುಕುತ್ತ ಇಡೀ ಬೆಳಗು ಹಾಳಾಗಿತ್ತು. ಯಾವ ಕಡತ ಯಾವುದನ್ನು ನಂಬಿಕೊಂಡಿದೆ ಎಂಬ ನೆನಪನ್ನು ಮನುಷ್ಯನ ತಲೆಯಿಂದ ಇಳಿಸಿ ಒಂದು ಕಡತದಲ್ಲಿ ಬರೆದಿಟ್ಟದ್ದೇ ಮೇಕ್. ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕೆಂಬ ಅದರ ಕುಖ್ಯಾತ ನಿಯಮ ಎಡವಟ್ಟೆಂದು ಫೆಲ್ಡ್‌ಮನ್ನರಿಗೆ ಬೇಗನೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸತೊಡಗಿದ್ದರು, ಅವರಿಗೆ ತೊಂದರೆ ಕೊಡಲು ಮನಸ್ಸಾಗಲಿಲ್ಲ. ಆ ದಾಕ್ಷಿಣ್ಯದ ಬೆಲೆಯನ್ನು ಇವತ್ತಿಗೂ ಕರ್ನಲ್ ಕಟ್ಟುವ ಪ್ರತಿಯೊಬ್ಬರೂ ತೆರುತ್ತಿದ್ದಾರೆ.

ಯುನಿಕ್ಸ್ ಮೇಲೆ ತಮ್ಮದೇ ವ್ಯವಸ್ಥೆ ಬೆಳೆಸಿದ ಬರ್ಕ್ಲಿ ವಿಶ್ವವಿದ್ಯಾಲಯದವರ ಕಥೆಯನ್ನು ಚುಟುಕಾಗಿ ಹೇಳಬಹುದು. 1991ರ ಜೂನ್‌ನಲ್ಲಿ ಅವರು ಎಟಿ ಆ್ಯಂಡ್ ಟಿ ಕೋಡ್ ಇಲ್ಲದ ತಮ್ಮ ವ್ಯವಸ್ಥೆಯನ್ನು ‘ನೆಟ್/2’ ಎಂದು ಹಂಚಿದಾಗ ಕರ್ನಲ್ಲಿನಲ್ಲಿ ಆರು ಕಡತಗಳು ಖಾಲಿ ಉಳಿದಿದ್ದವು. ಉಳಿದದ್ದೆಲ್ಲ ಕೈಯಲ್ಲಿ, ಯಂತ್ರ ಮಾತ್ರ ಏಳದು. ವಿಲಿಯಂ ಮತ್ತು ಲಿನ್ ಜೋಲಿಟ್ಸ್ ದಂಪತಿ ಆ ಕೊರತೆ ತುಂಬಿ 1992ರಲ್ಲಿ ‘386ಬಿಎಸ್‌ಡಿ’ ತಂದರು. ಅಷ್ಟರಲ್ಲಿ ಎಟಿ ಆ್ಯಂಡ್ ಟಿ ಕಡೆಯಿಂದ ಮೊಕದ್ದಮೆ ಹೂಡಲಾಗಿತ್ತು, ಅದು 1994ರಲ್ಲಿ ರಾಜಿಯಾಯಿತು. ಸುಮಾರು 18,000 ಕಡತಗಳಲ್ಲಿ ತೆಗೆಯಬೇಕಾಗಿ ಬಂದದ್ದು ಮೂರೇ ಮೂರು.

ಆ ಮೊಕದ್ದಮೆಗೂ ಮೊದಲೇ, 1991ರ ಸೆಪ್ಟೆಂಬರಿನಲ್ಲಿ, ಫಿನ್ಲೆಂಡಿನ ಎಫ್‌ಟಿಪಿ ಸರ್ವರಿನಲ್ಲಿ ಲೈನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ 0.01 ಬಂದು ಕೂತಿತು. ಕುಗ್ಗಿಸಿದ ಕಡತ 71 ಕೆಬಿ ಆಸುಪಾಸು, ಒಳಗೆ ಸುಮಾರು 10,000 ಸಾಲು. ಪಡೆಯುವುದು ಇಷ್ಟು ಸಲೀಸಾಗಿ ಹಿಂದೆಂದೂ ಇರಲಿಲ್ಲ. ಕಟ್ಟುವುದು? ಅದಕ್ಕೆ ಮಿನಿಕ್ಸ್ ಬೇಕಿತ್ತು. ಆಂಡ್ರೂ ಟಾನೆನ್‌ಬಾಮ್ 1987ರಲ್ಲಿ ಪಠ್ಯಪುಸ್ತಕದ ಜೊತೆಗೆ ತಂದ ಆ ವ್ಯವಸ್ಥೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಅದರ ಮೇಲೆ ಜಿಸಿಸಿ ಕಂಪೈಲರನ್ನು ಕೂರಿಸಿಕೊಂಡಿರಬೇಕು. ಬಿಟ್ಟಿ ಕರ್ನಲ್ಲನ್ನು ಏಳಿಸಲು ಕೊಂಡ ಕರ್ನಲ್ ಒಂದು ಬೇಕಾಗಿತ್ತು.

0.01ರ ‘ಕಾನ್ಫಿಗ್.ಎಚ್’ ಕಡತವನ್ನು ತೆರೆದು ನೋಡುವುದು ಇವತ್ತಿಗೂ ಸೊಗಸಾದ ಅನುಭವ. ನಿಮ್ಮ ಡಿಸ್ಕ್ ಯಾವುದೆಂದು ಕೇಳುವ ಪ್ರೋಗ್ರಾಂ ಇಲ್ಲ. ಇರುವುದು ಎರಡು ಆಯ್ಕೆ: ‘ಲೈನಸ್_ಎಚ್‌ಡಿ’ ಮತ್ತು ‘ಲಾಸು_ಎಚ್‌ಡಿ’. ಎರಡನೆಯದು ಕಾಮೆಂಟಿನ ಒಳಗೆ ಮಲಗಿದೆ. ಅಂದರೆ ಈ ಕರ್ನಲ್ಲಿಗೆ ಲೋಕದಲ್ಲಿ ಗೊತ್ತಿದ್ದ ಹಾರ್ಡ್ ಡಿಸ್ಕುಗಳು ಎರಡೇ. ಮೂರನೆಯವರು ತಮ್ಮ ಡಿಸ್ಕಿನ ಹೆಡ್, ಸೆಕ್ಟರ್, ಸಿಲಿಂಡರ್ ಲೆಕ್ಕವನ್ನು ತಾವೇ ಬರೆದು ಸೇರಿಸಬೇಕು. ಕೀಬೋರ್ಡ್ ಫಿನ್ನಿಷ್. ಎಲ್ಲ ಕಂಪೈಲ್ ಆದಮೇಲೆ ‘ಬಿಲ್ಡ್’ ಎಂಬ ಸಣ್ಣ ಪ್ರೋಗ್ರಾಂ 512 ಬೈಟಿನ ಬೂಟ್ ತುಣುಕಿನ ಬಾಲಕ್ಕೆ ಕರ್ನಲ್ಲನ್ನು ಕಟ್ಟಿ ಒಂದು ‘ಇಮೇಜ್’ ಮಾಡುತ್ತದೆ. ಅದನ್ನು ಫ್ಲಾಪಿಗೆ ಇಳಿಸಿ, ಯಂತ್ರವನ್ನು ರೀಬೂಟ್ ಮಾಡಿ, ಕಾಯಬೇಕು.

1994ರ ಮಾರ್ಚ್‌ನಲ್ಲಿ 1.0 ಬಂದಾಗ ಸಾಲುಗಳು 1,76,250. ಅಷ್ಟರಲ್ಲಿ ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುವ ‘ಕಾನ್ಫಿಗರ್’ ಬಂದಿತ್ತು. ಅದರ ಮೂಲ ಲೇಖಕ ರೇಮಂಡ್ ಚೆನ್, ಮುಂದೆ ಮೈಕ್ರೋಸಾಫ್ಟ್‌ನ ವಿಂಡೋಸ್ ಪ್ರೋಗ್ರಾಮರ್ ಎಂದು ಹೆಸರಾದವರು ಅವರೇ! ಪ್ರಶ್ನೆಗಳ ಕಾಲದ ಒಂದು ಸಂಕಟ ಅನುಭವಿಸಿದವರಿಗೇ ಗೊತ್ತು: ಎಂಬತ್ತನೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಹಿಂದೆ ಹೋಗುವಂತಿರಲಿಲ್ಲ, ಮತ್ತೆ ಒಂದರಿಂದ ಶುರು. ಮೆನು ಬಂದದ್ದು ಆಮೇಲೆ. 2000ದ ಸುಮಾರಿಗೆ ಎರಿಕ್ ರೇಮಂಡ್ ಈ ಪ್ರಶ್ನಾವಳಿಯನ್ನು ‘ಸಿಎಂಎಲ್2’ ಎಂಬ ಹೊಸ ಭಾಷೆಯಲ್ಲಿ ಬುಡದಿಂದ ಬರೆದರು. ಅದಕ್ಕೆ ಪೈಥಾನ್ ಬೇಕಿತ್ತು. ಕರ್ನಲ್ ಕಟ್ಟಲು ಇನ್ನೊಂದು ಭಾಷೆ ಏಕೆ ಎಂಬ ತಕರಾರು ಎದ್ದಿತು, ಎಲ್ಲವನ್ನೂ ಒಮ್ಮೆಗೇ ಬದಲಿಸುವ ರೀತಿಗೂ ವಿರೋಧ ಬಂತು. ಕೊನೆಗೆ 2002ರಲ್ಲಿ ಒಳಗೆ ಬಂದದ್ದು ರೋಮನ್ ಜಿಪ್ಪೆಲ್ ಸಿ ಭಾಷೆಯಲ್ಲಿ ಬರೆದ ‘ಕೆಕಾನ್ಫಿಗ್’.

ಈ ನಡುವೆ ಬೆಳೆದ ಕರ್ನಲ್ ಮೊದಲ 640 ಕೆಬಿ ಮೆಮೊರಿಯೊಳಗೆ ಹಿಡಿಸದಾಯಿತು. ‘ಜೆಡ್‌ಇಮೇಜ್’ ಎಂಬ ಕುಗ್ಗಿಸಿದ ಕರ್ನಲ್ ಕಡತ ಅರ್ಧ ಎಂಬಿ ದಾಟುವಂತಿರಲಿಲ್ಲ. ಆಗ ಒಂದು ಎಂಬಿಯಾಚೆಗೆ ಇಳಿಯುವ ‘ಬಿಜೆಡ್‌ಇಮೇಜ್’ ಬಂತು. ಅಲ್ಲಿನ ‘ಬಿ’ ಎಂದರೆ ‘ಬಿಗ್’. ಅದು ಬಿಜಿಪ್2 ಎಂಬ ಕುಗ್ಗಿಸುವ ವಿಧಾನ ಎಂದುಕೊಂಡು ವರ್ಷಗಟ್ಟಲೆ ಪಾಠ ಹೇಳಿದ ಮೇಷ್ಟ್ರುಗಳನ್ನು ನಾನು ಬಲ್ಲೆ.

ನಮ್ಮ ಕಡೆ ಪಡೆಯುವುದೇ ಮೊದಲ ತೊಡಕು. ವಿಎಸ್‌ಎನ್‌ಎಲ್ ಇಂಟರ್ನೆಟ್ ಸಾರ್ವಜನಿಕರಿಗೆ ತೆರೆದದ್ದು 1995ರ ಆಗಸ್ಟ್ 15ರಂದು. ಡಯಲ್‌ಅಪ್ಪಿನಲ್ಲಿ ಕರ್ನಲ್ ಇಳಿಸಿಕೊಳ್ಳುವುದೆಂದರೆ ರಾತ್ರಿಯಿಡೀ ಲೈನ್ ಕಡಿಯದಿರಲಿ ಎಂದು ಹರಕೆ ಹೊರುವ ಕೆಲಸ. ತೊಂಬತ್ತರ ದಶಕದ ನಡುವಿನಲ್ಲಿ ‘ಪಿಸಿಕ್ವೆಸ್ಟ್’ ಪತ್ರಿಕೆ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಡತೊಡಗಿದ್ದು, ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ನಿಂತದ್ದು, ಈ ತೊಡಕಿಗೆ ಸಿಕ್ಕ ನಿಜವಾದ ಉತ್ತರ. ಕೋಡ್ ಪೇಪರ್ ಅಂಗಡಿಗೆ ಬಂತು. 2001ರಿಂದ ನಡೆದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನಗಳಿಗೆ ಬಂದವರಲ್ಲಿ ಆ ಸಿಡಿಯಿಂದ ಶುರುಮಾಡಿದವರು ಕಡಿಮೆಯಿರಲಾರರು.

ನಾನು ಮೊದಲು ಕಟ್ಟಿದ ಕರ್ನಲ್ ಏಳಲಿಲ್ಲ. ಇಎಕ್ಸ್‌ಟಿ2 ಕಡತವ್ಯವಸ್ಥೆಯನ್ನು ಕರ್ನಲ್ಲಿನೊಳಗೆ ಸೇರಿಸದೆ, ಬೇಕಾದಾಗ ಡಿಸ್ಕಿನಿಂದ ತುಂಬಿಕೊಳ್ಳುವ ಮಾಡ್ಯೂಲ್ ಮಾಡಿದ್ದೆ. ಆ ಮಾಡ್ಯೂಲ್ ಇದ್ದದ್ದು ಇಎಕ್ಸ್‌ಟಿ2 ಡಿಸ್ಕಿನ ಒಳಗೆ. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಕಂಪೈಲರ್ ಕೂಡ ಬಾಗಿಲು ಕಾಯುವ ಒಬ್ಬನೇ. 2000ದ ಸೆಪ್ಟೆಂಬರಿನಲ್ಲಿ ಬಂದ ರೆಡ್ ಹ್ಯಾಟ್ 7.0ರ ಜೊತೆಗಿದ್ದ ಜಿಸಿಸಿ 2.96 ಆಗಿನ ಕರ್ನಲ್ಲಿಗೆ ಒಗ್ಗುತ್ತಿರಲಿಲ್ಲ. ಅದಕ್ಕೆಂದೇ ‘ಕೆಜಿಸಿಸಿ’ ಎಂಬ ಹಳೆಯ ಕಂಪೈಲರನ್ನು ಪಕ್ಕದಲ್ಲಿ ಕೊಟ್ಟಿದ್ದರು. ಒಂದೇ ಮನೆಯಲ್ಲಿ ಎರಡು ಒಲೆ, ಒಂದು ಕರ್ನಲ್ಲಿಗೇ ಮೀಸಲು. ಥಾಮ್ಸನ್ 1984ರಲ್ಲಿ ಪ್ರಕಟಿಸಿದ ಟ್ಯೂರಿಂಗ್ ಉಪನ್ಯಾಸ ಇನ್ನೂ ಆಳಕ್ಕೆ ಹೋಗುತ್ತದೆ. ಸೋರ್ಸ್ ಕೋಡ್ ಶುದ್ಧವಾಗಿದ್ದರೂ ಅದನ್ನು ಕಂಪೈಲ್ ಮಾಡುವ ಪ್ರೋಗ್ರಾಂ ಒಳಗಿಂದೊಳಗೇ ಹಿಂಬಾಗಿಲು ಸೇರಿಸಬಲ್ಲದು, ಆ ಗುಟ್ಟು ಕಂಪೈಲರಿನ ಸೋರ್ಸ್‌ನಲ್ಲಿಯೂ ಕಾಣದಂತೆ ಉಳಿಯಬಲ್ಲದು ಎಂದು ಅವರು ತೋರಿಸಿದರು.

ಅದರ ಎದುರು ಬದಿಯ ಪ್ರಕರಣ 2003ರ ನವೆಂಬರಿನದು. ಆಗ ಲಿನಕ್ಸ್‌ನ ಮುಖ್ಯ ಕೋಡ್ ‘ಬಿಟ್‌ಕೀಪರ್’ ಎಂಬ, ಕೋಡಿನ ಬದಲಾವಣೆಗಳ ಲೆಕ್ಕವಿಡುವ ತಂತ್ರಾಂಶದಲ್ಲಿತ್ತು. ಅದನ್ನು ಬಳಸಲೊಲ್ಲದವರಿಗಾಗಿ ಸಿವಿಎಸ್ ಎಂಬ ಅಂಥದೇ ಇನ್ನೊಂದರಲ್ಲಿ ಒಂದು ಪ್ರತಿಯನ್ನು ಇಟ್ಟಿದ್ದರು. ಆ ಪ್ರತಿಯೊಳಗೆ ಯಾರೋ ನುಗ್ಗಿ ‘ವೇಟ್4’ ಎಂಬ ಸಿಸ್ಟಂ ಕಾಲ್‌ಗೆ ಎರಡು ಸಾಲು ಸೇರಿಸಿದರು. ಮೇಲ್ನೋಟಕ್ಕೆ ಅದು ಅಸಂಬದ್ಧ ಆಯ್ಕೆಗಳನ್ನು ತಡೆಯುವ ಪರೀಕ್ಷೆ, ಕರೆದವರ ಬಳಕೆದಾರ ಸಂಖ್ಯೆ ಸೊನ್ನೆಯೇ ಎಂದು ಕೇಳುವಂತಿದೆ. ಸಿ ಭಾಷೆಯಲ್ಲಿ ಹಾಗೆ ಕೇಳಲು ‘==’ ಬೇಕು. ಅಲ್ಲಿದ್ದದ್ದು ‘=’. ಕೇಳುವ ಬದಲು ಅದು ಸಂಖ್ಯೆಯನ್ನು ಸೊನ್ನೆ ಮಾಡುತ್ತದೆ, ಅಂದರೆ ಕರೆದವನು ಎಲ್ಲ ಅಧಿಕಾರವುಳ್ಳ ರೂಟ್ ಆಗುತ್ತಾನೆ. ಸೊನ್ನೆಯ ಬೆಲೆ ಸುಳ್ಳು ಎಂದಾಗುವುದರಿಂದ ಪರೀಕ್ಷೆ ಸೋಲುತ್ತದೆ, ತಪ್ಪಿನ ಸೂಚನೆಯೂ ಹಿಂದಿರುಗುವುದಿಲ್ಲ. ಇಂಥ ಎಡವಟ್ಟಿಗೆ ಜಿಸಿಸಿ ಎಚ್ಚರಿಕೆ ಕೊಡಬಲ್ಲದು. ಆದರೆ ಸುತ್ತ ಒಂದು ಜೊತೆ ಆವರಣ ಚಿಹ್ನೆ ಹಾಕಿದ್ದರಿಂದ ಅದೂ ಬಾಯಿ ಮುಚ್ಚಿತು. ಬರೆದವನಿಗೆ ಕಂಪೈಲರಿನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಸಿವಿಎಸ್ ಪ್ರತಿ ಮೂಲಕ್ಕೆ ತಾಳೆಯಾಗದ್ದನ್ನು ಬಿಟ್‌ಕೀಪರಿನ ಲ್ಯಾರಿ ಮೆಕ್‌ವಾಯ್ ಗಮನಿಸಿದ್ದರಿಂದ ಸಿಕ್ಕಿಬಿತ್ತು. ಕೋಡನ್ನು ಎಲ್ಲಿಂದ ಪಡೆದಿರಿ ಎಂಬ ಪ್ರಶ್ನೆಗೆ ಅಂದಿನಿಂದ ತೂಕ ಬಂತು. 2005ರ ಏಪ್ರಿಲ್‌ನಲ್ಲಿ ಬಿಟ್‌ಕೀಪರಿನ ಬದಲಿಗೆ ಹುಟ್ಟಿದ ಗಿಟ್ ಪ್ರತಿ ಕಡತಕ್ಕೂ ಪ್ರತಿ ಬದಲಾವಣೆಗೂ ಅದರ ಒಳಗಿನಿಂದಲೇ ಲೆಕ್ಕಹಾಕಿದ ಹೆಸರು ಕೊಡುತ್ತದೆ. ಒಂದು ಅಕ್ಷರ ಬದಲಾದರೆ ಹೆಸರೇ ಬೇರೆ. 2011ರಲ್ಲಿ ಕರ್ನಲ್.ಆರ್ಗ್ ಸರ್ವರುಗಳಿಗೆ ಕನ್ನ ಬಿದ್ದಾಗ ಕೋಡಿನ ಬಗ್ಗೆ ಧೈರ್ಯ ಹೇಳಲು ಸಾಧ್ಯವಾದದ್ದು ಇದರಿಂದ.

ಇನ್ನು ಪರವಾನಗಿ. ಲಿನಕ್ಸ್ 1992ರಲ್ಲಿ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಎರಡನೆಯ ಆವೃತ್ತಿಗೆ ಬಂತು. ಅದು ಸೋರ್ಸ್ ಕೋಡ್ ಎಂಬುದರ ವ್ಯಾಖ್ಯೆಯೊಳಗೇ ಕಂಪೈಲ್ ಮಾಡುವ, ಸ್ಥಾಪಿಸುವ ಸ್ಕ್ರಿಪ್ಟುಗಳನ್ನೂ ಸೇರಿಸಿದೆ. ಕೊಡುವುದನ್ನೂ ಕಟ್ಟುವುದನ್ನೂ ಒಂದೇ ದಾರದಲ್ಲಿ ಪೋಣಿಸಿದ ಪರವಾನಗಿ ಅದು. ಇದರ ಬಲದ ಮೇಲೆಯೇ 2003ರಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನ ಕೋಡ್ ಹೊರಬಂತು, ಮರುವರ್ಷ ಅದರ ಸುತ್ತ ಓಪನ್‌ಡಬ್ಲ್ಯುಆರ್‌ಟಿ ಬೆಳೆಯಿತು. ಟಿವೋ ಎಂಬ ಟಿವಿ ರೆಕಾರ್ಡರ್ ಮಾತ್ರ ಆ ದಾರದ ತುದಿ ತೋರಿಸಿತು. ಕೋಡ್ ಕೊಟ್ಟರು, ಕಂಪೈಲೂ ಆಯಿತು. ಆದರೆ ತಯಾರಕರ ಸಹಿ ಇಲ್ಲದ ಕರ್ನಲ್ಲನ್ನು ಪೆಟ್ಟಿಗೆ ಓಡಿಸುತ್ತಿರಲಿಲ್ಲ. 2007ರ ಜಿಪಿಎಲ್ ಮೂರನೆಯ ಆವೃತ್ತಿ ಇದಕ್ಕೆ ಕಡಿವಾಣ ಹಾಕಹೊರಟಿತು. ಟೊರ್ವಾಲ್ಡ್ಸ್ ಒಪ್ಪಲಿಲ್ಲ, ಲಿನಕ್ಸ್ ಎರಡರಲ್ಲೇ ಉಳಿಯಿತು. ನಮ್ಮ ಜೇಬಿನ ಫೋನುಗಳಲ್ಲಿ ಬಹಳಷ್ಟು ಇವತ್ತಿಗೂ ಟಿವೋ ನಿಂತ ಜಾಗದಲ್ಲೇ ನಿಂತಿವೆ.

ಆರನೆಯ ಆವೃತ್ತಿಗೆ ಮಾತ್ರ ಈಗ ಯಾವ ಬೀಗವೂ ಇಲ್ಲ. 2002ರ ಜನವರಿಯಲ್ಲಿ ಕ್ಯಾಲ್ಡೆರಾ ಕಂಪನಿ ಹಳೆಯ ಯುನಿಕ್ಸ್‌ಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಬಾಬ್ ಸುಪ್ನಿಕ್ ಅವರ ‘ಸಿಮ್‌ಎಚ್’ ಯಾವ ಲ್ಯಾಪ್‌ಟಾಪನ್ನೂ ಪಿಡಿಪಿ-11 ಮಾಡಿಬಿಡುತ್ತದೆ. ಹಿಂದೆ ಒಬ್ಬನೇ ಬಳಕೆದಾರನಾಗಿ ಏಳಿಸಲು ಮುಂಫಲಕದ ಸ್ವಿಚ್ಚುಗಳಲ್ಲಿ 173030 ಎಂದು ಇಡಬೇಕಿತ್ತು, ಅದೀಗ ಒಂದು ಸಾಲಿನ ಕಮಾಂಡು. ಎಂಕೆಕಾನ್ಫ್ ಹಿಂದಿನಂತೆಯೇ ಏನನ್ನೂ ಕೇಳದೆ ಕಾಯುತ್ತದೆ. ಸಾಧನಗಳ ಹೆಸರು ಬರೆದು, ಲಿಂಕರ್ ಓಡಿಸಿ, ‘@’ ಚಿಹ್ನೆಯ ಮುಂದೆ ಹೊಸ ಕರ್ನಲ್ಲಿನ ಹೆಸರು ಕೊಟ್ಟರೆ ‘#’ ಮೂಡುತ್ತದೆ. ಮೂಡದಿದ್ದರೆ ಪಟ್ಟಿಯಲ್ಲಿ ಯಾವ ಸಾಧನ ಬಿಟ್ಟುಹೋಯಿತೆಂದು ಹುಡುಕಿ, ಮತ್ತೆ ‘ಆರ್‌ಕೆ’ ಎಂದು ಶುರುಮಾಡಬೇಕು.