ಹಂಸರಾಜಕುಮಾರಿ

ಮಾಸ್ಕೋ ನಗರದ ತ್ರೆತ್ಯಾಕೊವ್ ಚಿತ್ರಶಾಲೆಯಲ್ಲಿ ‘ಹಂಸರಾಜಕುಮಾರಿ’ ಎಂಬ ತೈಲಚಿತ್ರವೊಂದಿರುವುದು. ಮಿಖಾಯಿಲ್ ವ್ರೂಬೆಲನು ಇದನ್ನು 1900ರಲ್ಲಿ ಬರೆದನು. ಇದಕ್ಕೆ ಮೂಲವು ಪುಷ್ಕಿನ್ ಮಹಾಕವಿಯು 1831ರಲ್ಲಿ ರಚಿಸಿದ ಸಾಲ್ತಾನ್ ದೊರೆಯ ಪದ್ಯಕಥೆ. ಹದ್ದಿನ ರೂಪದಿಂದ ಎರಗಿದ ಮಾಂತ್ರಿಕನ ಬಾಯಿಂದ ಹಂಸವೊಂದನ್ನು ರಾಜಪುತ್ರನು ಬಾಣ ಬಿಟ್ಟು ಬಿಡಿಸುತ್ತಾನೆ. ಆ ಹಂಸವು ಕಡೆಗೆ ಕನ್ಯೆಯಾಗಿ ಆತನ ಕೈಹಿಡಿಯುತ್ತದೆ. ನಳಚರಿತ್ರೆಯ ಹಂಸವು ದೂತನು ಮಾತ್ರ. ಇಲ್ಲಿ ಹಂಸವೇ ವಧು.

ಈ ಕಥೆಯನ್ನು ರಿಮ್‌ಸ್ಕಿ-ಕೊರ್ಸಾಕೊವನು ಸಂಗೀತನಾಟಕವಾಗಿ ಮಾಡಲು, ಮಾಸ್ಕೋವಿನ ಖಾಸಗಿ ಮಂಡಲಿಯೊಂದು 1900ರ ಶರತ್ಕಾಲದಲ್ಲಿ ಅದನ್ನು ರಂಗಕ್ಕೆ ತಂದಿತು. ಪರದೆಗಳನ್ನೂ ಉಡುಪುಗಳನ್ನೂ ಕಲ್ಪಿಸಿದವನು ವ್ರೂಬೆಲನು. ಹಂಸಕನ್ಯೆಯಾಗಿ ಹಾಡಿದವಳು ಆತನ ಪತ್ನಿ ನದೇಜ್ದಾ ಜಬೇಲಾ. ಆಕೆಯನ್ನು ಆತನು ಮೊದಲು ಅರಿತದ್ದೂ ಧ್ವನಿಯಿಂದಲೇ. ನಾಟಕದ ಅಭ್ಯಾಸ ನಡೆಯುತ್ತಿದ್ದ ರಂಗದ ಮಬ್ಬುಗತ್ತಲೆಯಲ್ಲಿ ಆಕೆಯ ಗಾನವನ್ನು ಕೇಳಿ ಮನಸೋತನು. 1896ರಲ್ಲಿ ಅವರ ವಿವಾಹವಾಯಿತು.

ಆದುದರಿಂದ ಈ ಚಿತ್ರವನ್ನು ಪತ್ನಿಯ ವೇಷದ ಪ್ರತಿಕೃತಿಯೆಂದು ತಿಳಿಯುವವರುಂಟು. ಅದು ಸರಿಯಲ್ಲ. ನಾಟಕವು ರಂಗವೇರುವ ಮೊದಲೇ ಚಿತ್ರವು ಮುಗಿದಿತ್ತು. ಆ ವೇಷದಲ್ಲಿ ತೆಗೆದ ಆಕೆಯ ಛಾಯಾಚಿತ್ರಕ್ಕೂ ಈ ಮುಖಕ್ಕೂ ಹೋಲಿಕೆಯು ಅಲ್ಪವೇ. ಕಥೆಯಲ್ಲಿ ಕನ್ಯೆಯು ಬರುತ್ತಾಳೆ. ಚಿತ್ರದಲ್ಲಿ ಆಕೆ ಹೊರಟುಹೋಗುತ್ತಿರುವಂತಿದೆ. ಕಪ್ಪೇರಿದ ಕಡಲು, ದೂರದ ದ್ವೀಪದಲ್ಲಿ ನಗರದ ದೀಪಗಳು, ಮುಗಿಲಂಚಿನಲ್ಲಿ ಆರುತ್ತಿರುವ ಸಂಜೆಗೆಂಪು. ರತ್ನಖಚಿತವಾದ ಕಿರೀಟದ ಕೆಳಗೆ, ಕತ್ತನ್ನು ಹಿಂದಿರುಗಿಸಿ ನೋಡುವ ಎರಡು ವಿಶಾಲವಾದ ಕಣ್ಣುಗಳು. ಬಿಳುಪಿನಲ್ಲಿಯೇ ನಸುಗೆಂಪು, ನಸುನೀಲಿಗಳು ಸುಳಿಯುವ ಆ ರೆಕ್ಕೆಗಳು ಎಲ್ಲಿ ಮುಗಿದು ಸೆರಗು ಎಲ್ಲಿ ತೊಡಗಿತೆಂದು ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಪಕ್ಷಿಯು ಹೆಣ್ಣಾಗುತ್ತಿರುವಳೋ, ಹೆಣ್ಣು ಮರಳಿ ಪಕ್ಷಿಯಾಗುತ್ತಿರುವಳೋ! ಇದನ್ನು ಯಾವ ರಂಗವೂ ತೋರಿಸಲಾರದು. ಅಲ್ಲಿ ರೆಕ್ಕೆಯು ಬಟ್ಟೆಯೆಂಬುದು ಪ್ರೇಕ್ಷಕನಿಗೆ ಮೊದಲೇ ತಿಳಿದಿರುತ್ತದೆ.

ಮುಂದೆ ಬಂದ ದುಃಖದ ಸೂಚನೆಯನ್ನು ಆ ಕಣ್ಣುಗಳಲ್ಲಿ ಹುಡುಕುವುದು ವಿಮರ್ಶಕರಿಗೆ ಸುಲಭವಾಗಿದೆ. ಆದರೆ 1900ರಲ್ಲಿ ಚಿತ್ರಕಾರನಿಗೆ ಒಲಿದ ಪತ್ನಿಯಿದ್ದಳು, ಕೈತುಂಬ ಕೆಲಸವಿತ್ತು. ಬುದ್ಧಿಭ್ರಮಣೆಯು ತಲೆದೋರಿದುದು 1902ರಲ್ಲಿ. 1901ರಲ್ಲಿ ಹುಟ್ಟಿದ್ದ ಒಬ್ಬನೇ ಮಗನು 1903ರಲ್ಲಿ ತೀರಿಕೊಂಡನು. 1906ರಲ್ಲಿ ಕಣ್ಣುಗಳೇ ಹೋದುವು. ಬಣ್ಣವು ಕಾಣದಾದ ಆ ಮನುಷ್ಯನ ಬಳಿಗೆ ಜಬೇಲಾ ಆಸ್ಪತ್ರೆಗೆ ಬಂದು ಹಾಡುತ್ತಿದ್ದಳು. ವ್ರೂಬೆಲನು 1910ರಲ್ಲಿ ಮಡಿದನು, ಆಕೆ 1913ರಲ್ಲಿ.