ಹೈಲೋನಾಮಸ್

ಹೈಲೋನಾಮಸ್ ಸುಮಾರು 31 ಕೋಟಿ ವರ್ಷಗಳ ಹಿಂದೆ, ಕಾರ್ಬಾನಿಫೆರಸ್ ಯುಗದಲ್ಲಿ ಜೀವಿಸಿದ್ದ ಹಲ್ಲಿಯಾಕಾರದ ಪ್ರಾಣಿ. ಅಸ್ಥಿಪಂಜರ ದೊರೆತಿರುವ ಸರೀಸೃಪಗಳಲ್ಲಿ ಇದು ಅತ್ಯಂತ ಪ್ರಾಚೀನವಾದುದೆಂದು ಬಹುಕಾಲದಿಂದ ಪರಿಗಣಿಸಲಾಗಿದೆ. ಬಾಲವೂ ಸೇರಿ ಇದರ ಉದ್ದ ಸುಮಾರು 20 ಸೆಂ.ಮೀ. ಚೂಪಾದ ಸಣ್ಣ ಹಲ್ಲುಗಳಿಂದ ಇದು ಕೀಟಗಳನ್ನೂ ಇತರ ಸಣ್ಣ ಅಕಶೇರುಕಗಳನ್ನೂ ತಿನ್ನುತ್ತಿತ್ತೆಂದು ಊಹಿಸಲಾಗಿದೆ.

ಶೋಧನೆ

ಇದರ ಪಳೆಯುಳಿಕೆಗಳು ದೊರೆತ ಸ್ಥಳ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಜಾಗಿನ್ಸ್. ಫಂಡಿ ಕೊಲ್ಲಿಯ ಭಾರೀ ಉಬ್ಬರವಿಳಿತಗಳು ಅಲ್ಲಿನ ಕಡಲತಡಿಯ ಬಂಡೆಗಳನ್ನು ಸವೆಸುತ್ತ ಹೊಸ ಪಳೆಯುಳಿಕೆಗಳನ್ನು ಹೊರಗೆಡವುತ್ತಿರುತ್ತವೆ. ಭೂವಿಜ್ಞಾನಿ ಜಾನ್ ವಿಲಿಯಂ ಡಾಸನ್ 1860ರಲ್ಲಿ ಈ ಪ್ರಾಣಿಯನ್ನು ವಿವರಿಸಿ, ತಮ್ಮೊಡನೆ ಅಲ್ಲಿ ಶೋಧ ನಡೆಸಿದ್ದ ಚಾರ್ಲ್ಸ್ ಲಯೆಲ್ ಅವರ ಗೌರವಾರ್ಥ ಹೈಲೋನಾಮಸ್ ಲಯೆಲಿ ಎಂದು ಹೆಸರಿಸಿದರು. 2008ರಲ್ಲಿ ಯುನೆಸ್ಕೊ ಜಾಗಿನ್ಸ್ ಅನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಮರದ ಬುಡದಲ್ಲಿ ಪಳೆಯುಳಿಕೆ

ಎಲುಬುಗಳು ದೊರೆತದ್ದು ನಿಂತಂತೆಯೇ ಹೂಳಿನಲ್ಲಿ ಮುಚ್ಚಿಹೋದ ಸಿಜಿಲೇರಿಯಾ ಮರಗಳ ಟೊಳ್ಳು ಬುಡಗಳೊಳಗೆ. ಪ್ರಾಣಿಗಳು ಈ ಟೊಳ್ಳುಗಳಿಗೆ ಬಿದ್ದು ಹೊರಬರಲಾಗದೆ ಸತ್ತವೆಂಬುದು ಹಳೆಯ ವಿವರಣೆ. ಆದರೆ ಕೆಲವು ಬುಡಗಳಲ್ಲಿ ಇದ್ದಿಲೂ ಸಿಕ್ಕಿರುವುದರಿಂದ, ಅವು ಕಾಡ್ಗಿಚ್ಚಿಗೆ ಹೆದರಿ ಅಲ್ಲಿ ಆಶ್ರಯ ಪಡೆದಿರಬಹುದು ಅಥವಾ ಅಲ್ಲಿಯೇ ವಾಸಿಸುತ್ತಿದ್ದಿರಬಹುದು ಎಂದೂ ವಾದಿಸಲಾಗಿದೆ.

ವಿಕಾಸದಲ್ಲಿ ಮಹತ್ವ

ಉಭಯಚರಗಳ ಮೊಟ್ಟೆಗೆ ನೀರು ಅಥವಾ ತೇವ ಬೇಕು. ಸರೀಸೃಪಗಳ ಮೊಟ್ಟೆಯಲ್ಲಿ ಭ್ರೂಣದ ಸುತ್ತ ಆಮ್ನಿಯಾನ್ ಎಂಬ ದ್ರವತುಂಬಿದ ಪೊರೆಯಿದ್ದು, ಅದನ್ನು ಒಣನೆಲದಲ್ಲಿ ಇಡಬಹುದು. ಕಶೇರುಕಗಳು ನೀರಿನ ಹಂಗು ತೊರೆದು ಒಳನಾಡಿಗೆ ಹರಡಲು ಸಾಧ್ಯವಾದುದು ಇದರಿಂದಲೇ. ಆದರೆ ಅಷ್ಟು ಪ್ರಾಚೀನ ಮೊಟ್ಟೆಯ ಪಳೆಯುಳಿಕೆ ದೊರೆತಿಲ್ಲವಾದ್ದರಿಂದ, ವಿಜ್ಞಾನಿಗಳು ಎಲುಬುಗಳ ಸಾಕ್ಷ್ಯವನ್ನೇ ಅವಲಂಬಿಸಬೇಕಾಗುತ್ತದೆ. ಸಮಕಾಲೀನ ಉಭಯಚರಗಳಲ್ಲಿ ಅನೇಕವುಗಳ ತಲೆಬುರುಡೆಯ ಹಿಂಬದಿಯಲ್ಲಿ ಕಾಣುವ ಕಚ್ಚು ಹೈಲೋನಾಮಸ್‌ನಲ್ಲಿಲ್ಲ. 1964ರಲ್ಲಿ ರಾಬರ್ಟ್ ಕ್ಯಾರೊಲ್ ಈ ಪಳೆಯುಳಿಕೆಗಳನ್ನು ವಿವರವಾಗಿ ಮರುಪರಿಶೀಲಿಸಿ, ಇದನ್ನು ಅತ್ಯಂತ ಹಳೆಯ ಸರೀಸೃಪಗಳ ಸಾಲಿಗೆ ಸೇರಿಸಿದರು.

ಪ್ರಸ್ತುತ ಚರ್ಚೆ

ಸ್ಕಾಟ್ಲೆಂಡಿನ ಈಸ್ಟ್ ಕರ್ಕ್‌ಟನ್‌ನಲ್ಲಿ ಸಿಕ್ಕ ವೆಸ್ಟ್‌ಲೋಥಿಯಾನ ಇನ್ನೂ ಹಳೆಯದು. ಅದನ್ನು ಮೊದಲು ಸರೀಸೃಪವೆಂದು ಬಗೆದರೂ ಅನಂತರ ಆ ವರ್ಗೀಕರಣ ಪ್ರಶ್ನೆಗೊಳಗಾಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ದೊರೆತ, ಸುಮಾರು 35.5 ಕೋಟಿ ವರ್ಷ ಹಳೆಯ ಹೆಜ್ಜೆಗುರುತುಗಳನ್ನು 2025ರಲ್ಲಿ ವರದಿ ಮಾಡಲಾಯಿತು. ಅವುಗಳಲ್ಲಿ ಉಗುರಿನ ಗುರುತುಗಳಿರುವುದರಿಂದ ಆಮ್ನಿಯಾನ್ ಉಳ್ಳ ಪ್ರಾಣಿಗಳ ಉಗಮ ಹೈಲೋನಾಮಸ್‌ಗಿಂತ ಬಹಳ ಹಿಂದಿನದೆಂದು ಸಂಶೋಧಕರು ವಾದಿಸಿದ್ದಾರೆ. ಹೀಗಿದ್ದರೂ ಹೆಜ್ಜೆಗುರುತುಗಳಿಂದ ದೇಹರಚನೆಯ ಪೂರ್ಣ ಚಿತ್ರ ಸಿಗದ ಕಾರಣ, ಆರಂಭಿಕ ಸರೀಸೃಪಗಳ ಅಧ್ಯಯನದಲ್ಲಿ ಜಾಗಿನ್ಸ್‌ನ ಅಸ್ಥಿಪಂಜರಗಳು ಈಗಲೂ ಪ್ರಮುಖ ಆಧಾರವಾಗಿ ಉಳಿದಿವೆ.